ಸುಡ್ತೈತಿ ಅನ್ನುವ ತನಕ

"ಬೆನ್ನಿಗೆ ಸೂಜಿ ಬ್ಯಾಡ್ರಿ ಸಾಹೇಬ್ರ," ಎಂದಳು ಹೊಳೆಮ್ಮ. "ಬ್ಯಾರೆ ಎಲ್ಲಿ ಬೇಕಾದ್ರೂ ಚುಚ್ಚರಿ. ಬೆನ್ನೊಂದು ಬಿಡ್ರಿ. ನಾವು ಬಗ್ಗಿ ದುಡಿಯೋ ಮಂದಿ."

ಹೊಸಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನ ಪಡಸಾಲೆ ಅದು. ಬೆಳಗಿನ ಹತ್ತು ಗಂಟೆ. ಬಾಗಿಲ ಆಚೆ ಮಗಳು ಯಮನಮ್ಮ ಕೂಗುತ್ತಿದ್ದಳು. ಚೊಚ್ಚಲ ಹೆರಿಗೆ, ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಕೊಯ್ದೇ ತೆಗೆಯಬೇಕು ಎಂದು ಡಾಕ್ಟರಮ್ಮ ಹೇಳಿದಾಗ ಹೊಳೆಮ್ಮ ಒಂದು ಮಾತೂ ಎದುರಾಡಿರಲಿಲ್ಲ. ಹೊಟ್ಟೆ ಕೊಯ್ಯಲು ಹೂಂ ಅಂದವಳು, ಬೆನ್ನಿಗೆ ಒಂದು ಸೂಜಿ ಅಂದೊಡನೆ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

ಕೇಳಿದವರು ನಗಬಹುದು. ನಗಲಿ, ಯಾರು ಬೇಡ ಅಂದರು? ಆದರೆ ಮೊದಲು ಕಂಪ್ಲಿ ಕಡೆಯ ಗದ್ದೆಗಿಳಿದು, ಮೊಳಕಾಲುದ್ದ ಕೆಸರಲ್ಲಿ ನಿಂತು, ಹೊತ್ತು ಹುಟ್ಟಿದಾಗ ಬಗ್ಗಿಸಿದ ಬೆನ್ನನ್ನು ಹೊತ್ತು ಮುಳುಗುವಾಗ ಎತ್ತಿ ನೋಡಲಿ. ಕಾಲುವೆ ನೀರು ಬಂದ ಮೇಲೆ ಆ ಸೀಮೆಯಲ್ಲಿ ವರ್ಷಕ್ಕೆ ಎರಡು ಬೆಳೆ. ಹೊಲವಿದ್ದವರ ಮನೆಗೆ ಟ್ರ್ಯಾಕ್ಟರು ಬಂತು, ಸ್ಕೂಟರು ಬಂತು, ಊರ ಹೊರಗೆ ಅಕ್ಕಿ ಗಿರಣಿಗಳು ಎದ್ದವು. ಸಸಿ ಹಚ್ಚಲು ಮಾತ್ರ ಹೆಂಗಸಿನ ಬೆನ್ನೇ ಬೇಕು, ಅದಕ್ಕೆ ಯಾವ ಯಂತ್ರವೂ ಬರಲಿಲ್ಲ. ಹೊಳೆಮ್ಮ ಇಪ್ಪತ್ತು ಹೆಂಗಸರ ಗುಂಪಿಗೆ ಮುಂದಾಳು. ಆ ಗುಂಪಿನಲ್ಲಿ "ಆಕಿ ಬೆನ್ನು ಗಟ್ಟಿ" ಅಂದರೆ ಆಕೆಯ ಮನೆಯಲ್ಲಿ ಅನ್ನಕ್ಕೆ ಚಿಂತೆಯಿಲ್ಲ ಎಂದರ್ಥ.

ಅದೇ ಗುಂಪಿನ ಭರಮಮ್ಮ ಎರಡು ವರ್ಷದ ಹಿಂದೆ ದೂರದ ಊರಿನಲ್ಲಿ ಬೆನ್ನಿಗೆ ಸೂಜಿ ಹಾಕಿಸಿಕೊಂಡು ಹೆತ್ತಿದ್ದಳು. ಆಮೇಲೆ ಗದ್ದೆಗೆ ಇಳಿಯಲೇ ಇಲ್ಲ. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಬರುವುದೇ ಅವಳ ತಿರುಗಾಟ. ಬಸುರಿಯಾಗುವ ಮುಂಚೆಯೇ ಅವಳಿಗೆ ಸೊಂಟ ಹಿಡಿದಿತ್ತು ಅನ್ನುವುದು ಯಾರಿಗೂ ನೆನಪಿರಲಿಲ್ಲ. ಸೂಜಿ ಮಾತ್ರ ಎಲ್ಲರಿಗೂ ನೆನಪಿತ್ತು.

ಆಪರೇಷನ್ನಿಗೆ ಮತ್ತು ಬರಿಸುವ ಡಾಕ್ಟರು ತೆಳ್ಳನೆಯ ವಯಸ್ಸಾದ ಮನುಷ್ಯ, ಮೈಸೂರು ಕಡೆಯ ಮಾತು. ಸಿಟ್ಟು ಮಾಡಲಿಲ್ಲ.

"ನೋಡಮ್ಮ, ಪೂರ್ತಿ ಮತ್ತು ಕೊಟ್ಟು ಮಲಗಿಸಬಹುದಿತ್ತು. ಬೆಳಗ್ಗೆ ಏನಾದರೂ ತಿಂದಿದ್ದಾಳಾ?"

ಹೊಳೆಮ್ಮ ನೆಲ ನೋಡಿದಳು. "ಒಂದೀಟು ಅನ್ನ, ಮಜ್ಜಿಗಿ."

"ಒಂದೀಟು ಅಂದರೆ?"

"ಒಂದು ಗಂಗಾಳ್ರಿ."

ಬೆಳಗಿನ ಜಾವ ಟೆಂಪೊ ಹತ್ತುವ ಮುಂಚೆ ತಾನೇ ದೊಡ್ಡ ತಟ್ಟೆಯ ತುಂಬ ಕಲಸಿ, ತುತ್ತು ಕಟ್ಟಿ, ಒಲ್ಲೆ ಒಲ್ಲೆ ಅಂದವಳ ಬಾಯಿಗೆ ತುರುಕಿದ್ದಳು. ತಿಣುಕಲು ಬಲ ಬೇಕಲೇ, ಉಣ್ಣು, ಅಂತ ಗದರಿದ್ದಳು. ಹೆರಿಗೆಗೆ ಹೋಗುವವಳನ್ನು ಬರಿಹೊಟ್ಟೆಯಲ್ಲಿ ಕಳಿಸುವ ತಾಯಿ ಆ ಊರಲ್ಲಿ ಇನ್ನೂ ಹುಟ್ಟಿಲ್ಲ.

ಡಾಕ್ಟರು ಉಸಿರು ಬಿಟ್ಟರು. "ಅದಕ್ಕೇ ಹೇಳ್ತಿರೋದು. ಹೊಟ್ಟೆ ತುಂಬಿದವಳನ್ನ ಮಲಗಿಸಿದರೆ ವಾಂತಿಯಾಗಿ ಉಸಿರಿನ ಕೊಳವೆಗೆ ಹೋಗುತ್ತೆ. ಜೀವಕ್ಕೇ ಅಪಾಯ. ಬೆನ್ನಿಗೆ ಕೊಟ್ಟರೆ ಎಚ್ಚರವಾಗೇ ಇರ್ತಾಳೆ. ಸೊಂಟದ ಕೆಳಗೆ ಮಾತ್ರ ಜೋಮು. ಮೂರು ತಾಸು, ಹೆಚ್ಚೆಂದರೆ ನಾಲ್ಕು. ಆಮೇಲೆ ಕಾಲು ತಾನಾಗಿ ಬರುತ್ತೆ."

"ಬರದಿದ್ರ?"

"ಬರುತ್ತಮ್ಮ."

ಬರುತ್ತಮ್ಮ! ಹೇಳುವವರಿಗೇನು, ಬಾಯಿ ತೆರೆದರೆ ಆಯಿತು. ಹೊಳೆಮ್ಮ ಹಿಂದಕ್ಕೆ ತಿರುಗಿ ಜೊತೆಗೆ ಬಂದಿದ್ದ ಹುಸೇನಮ್ಮನನ್ನು ನೋಡಿದಳು. ಹುಸೇನಮ್ಮ ಗುಂಪಿನಲ್ಲಿ ಅವಳ ಪಕ್ಕದ ಸಾಲಿನವಳು, ಇಪ್ಪತ್ತು ವರ್ಷದ ಗೆಳತಿ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಅಂದಳು: "ಭರಮವ್ವನ ನೆನಸ್ಕ್ಯಳಕ್ಕ."

ಅಳಿಯನಾದರೂ ಇದ್ದಿದ್ದರೆ! ಅಳಿಯ ಗುಡ್ಡಪ್ಪ ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಒಬ್ಬ ಡ್ರೈವರನ ಕೈಯಲ್ಲಿ ಹೇಳಿ ಕಳಿಸಿದ್ದಾಗಿತ್ತು. ಏಳು ತಿಂಗಳ ಬಸುರಿಯನ್ನು ತವರಿಗೆ ಬಿಡಲು ಬಂದಾಗ ಅವನು ನಗುತ್ತ ಅಂದಿದ್ದ: "ಅತ್ತಿ, ನಡಕೊಂತ ಬಂದಾಳ, ನಡಕೊಂತ ಕಳಸ್ರಿ ಮತ್ತ." ಹಾಸ್ಯಕ್ಕೆ ಅಂದ ಮಾತು ಈಗ ಹೊಳೆಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚಿತು.

ಒಳಗಿನಿಂದ ಯಮನಮ್ಮ "ಯವ್ವಾ, ಸಾಯ್ತೀನಿ, ಏನಾರ ಮಾಡಬೇ" ಎಂದು ಕಿರುಚಿದಳು. ಹೊಳೆಮ್ಮ ಎಡಗೈ ಚಾಚಿದಳು. ಸಿಸ್ಟರು ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿಕೊಂಡಳು.

ಅಲ್ಲಿಗೆ ಮುಗಿಯಲಿಲ್ಲ. ಐದು ನಿಮಿಷಕ್ಕೆ ಡಾಕ್ಟರು ಬಾಗಿಲು ತೆರೆದು ಕೈ ಮಾಡಿ ಕರೆದರು. ಬೇನೆಗೆ ಹುಡುಗಿ ಹೊರಳಾಡುತ್ತಿದ್ದಾಳೆ, ಬೆನ್ನು ಬಾಗಿಸಿ ಕೂರುತ್ತಿಲ್ಲ, ತಾಯಿ ಬಂದು ಹಿಡಿಯಲಿ ಅಂದರು. ಹಸಿರು ಬಟ್ಟೆ ತೊಡಿಸಿ ಒಳಗೆ ಬಿಟ್ಟರು. ಮಂಚದ ಅಂಚಿಗೆ ಕೂತಿದ್ದ ಯಮನಮ್ಮ ತಾಯಿಯ ಹೆಗಲಿಗೆ ತಲೆ ಕೊಟ್ಟಳು. ಬೆವರಿನಲ್ಲಿ ತೊಯ್ದು ಹೋಗಿದ್ದಳು.

"ಬೆನ್ನು ಹೊರಗೆ ತಳ್ಳಿ ಬಗ್ಗಬೇಕು, ಅಲ್ಲಾಡಬಾರದು," ಎಂದರು ಡಾಕ್ಟರು ಹಿಂದಿನಿಂದ.

ಅವಳಿಗೆ ತಿಳಿಯಲಿಲ್ಲ. ಹೊಳೆಮ್ಮನಿಗೆ ತಿಳಿಯಿತು. "ಸಸಿ ಹಚ್ಚಾಕ ಬಗ್ಗಿದಂಗ ಬಗ್ಗಲೇ ಯಮನಿ. ನೆಲ ನೋಡು. ಸಾಲು ತಪ್ಪಿಸಬ್ಯಾಡ," ಎಂದಳು. ಹತ್ತನೇ ವಯಸ್ಸಿನಿಂದ ಗದ್ದೆಗಿಳಿದ ಬೆನ್ನು ಆ ಮಾತಿಗೆ ತಾನೇ ಬಾಗಿತು. ಮಗಳ ಹೆಗಲ ಮೇಲಿಂದ ಹೊಳೆಮ್ಮ ಸೂಜಿಯನ್ನು ಕಂಡಳು. ಗೇಣುದ್ದವಿದೆ ಅನಿಸಿತು. ಅದು ಒಳಗೆ ಹೋಗುವಾಗ ಕಣ್ಣು ಮುಚ್ಚಿಕೊಂಡಳು, ಆದರೆ ಹಿಡಿದ ಕೈ ಸಡಿಲಿಸಲಿಲ್ಲ.

ಸ್ವಲ್ಪ ಹೊತ್ತಿಗೆ, ಮಂಚದ ಮೇಲೆ ಮಲಗಿಸಿದ ಮೇಲೆ, ಯಮನಮ್ಮ ಕಣ್ಣರಳಿಸಿ ಹೇಳಿದಳು: "ಯವ್ವಾ, ಬ್ಯಾನಿ ಹೋತಬೇ. ಎಲ್ಲಾ ಹೋತು."

ಸಂತೋಷ ಪಡಬೇಕಾದ ಮಾತು. ಹೊಳೆಮ್ಮ ಮಾತ್ರ ಮಗಳ ಕಾಲಿನ ಕಡೆ ನೋಡಿದಳು. ನಿನ್ನೆ ಹೊತ್ತು ಮುಳುಗಿದಾಗಿನಿಂದ ಕೂಗುತ್ತಿದ್ದವಳ ಬಾಯಿ ಒಮ್ಮೆಲೇ ನಿಂತರೆ ಯಾವ ತಾಯಿಗೆ ಭಯವಾಗುವುದಿಲ್ಲ?

ಹನ್ನೊಂದು ಗಂಟೆಯೊಳಗೆ ಕೂಸು ಅತ್ತಿತು. ಹೆಣ್ಣು. ಮೈತುಂಬಾ ಬೆಳೆದ, ಗಂಟಲು ದೊಡ್ಡದಿದ್ದ ಕೂಸು. ಹುಸೇನಮ್ಮ ಅದನ್ನು ಸೆರಗಿನಲ್ಲಿ ತೆಗೆದುಕೊಂಡು ಕುಣಿಯುವುದೊಂದು ಬಾಕಿ. "ನಮ್ಮ ಗುಂಪಿಗೆ ಇನ್ನೊಬ್ಬಾಕಿ ಬಂದ್ಲು ನೋಡ್ರಿ!" ಎಂದು ಪಡಸಾಲೆಯಲ್ಲಿ ಕಂಡವರಿಗೆಲ್ಲ ಹೇಳಿದಳು. ಹೊಳೆಮ್ಮ ಕೂಸಿನ ಮುಖ ನೋಡಿ, ಹಣೆಗೆ ಮುತ್ತಿಟ್ಟು, ಮಗಳ ಕಾಲಿನ ಕಡೆ ಹೋಗಿ ಕುಳಿತಳು.

ಅಲ್ಲಿಂದ ಶುರುವಾಯಿತು ಅವಳ ನರಕ.

ಕೋಣೆಯ ಕಿಟಕಿಯಿಂದ ಮಂಚದ ಮೇಲೆ ಬಿಸಿಲು ಬಿದ್ದಿತ್ತು. ಸಂಕ್ರಾಂತಿ ಮುಂದಿನ ಚಳಿ ಇನ್ನೂ ಗೋಡೆಯಲ್ಲೇ ಇತ್ತು. ಯಮನಮ್ಮನ ಕಾಲುಗಳು ಎರಡು ಹೊರೆ ಕಟ್ಟಿಗೆಯ ಹಾಗೆ ಬಿದ್ದಿದ್ದವು. ಹೊಳೆಮ್ಮ ಎತ್ತಿದಳು, ಬಿಟ್ಟಳು. ಧೊಪ್ಪನೆ ಬಿತ್ತು. ಹೆಬ್ಬೆರಳು ಹಿಚುಕಿದಳು. ಪಾದಕ್ಕೆ ಉಗುರು ಒತ್ತಿದಳು.

"ಗೊತ್ತಾತೇನ?"

"ಏನೂ ಗೊತ್ತಾಗವಲ್ದವ್ವ."

ಸಿಸ್ಟರು ಬಂದು ತಲೆ ಎತ್ತಬಾರದು, ನೀರು ಕೊಡಬಾರದು, ಹೊಲಿಗೆ ಮುಟ್ಟಬಾರದು ಎಂದು ಹೇಳಿ ಹೋದಳು. ಕಾಲು ಯಾವಾಗ ಬರ್ತಾವ ಅಂತ ಕೇಳಿದರೆ, ಬರ್ತಾವ ಬಿಡಬೇ ಅಂದಳು. ಕೆಳಗೆ ಇನ್ನೂ ಇಬ್ಬರು ಬಸುರಿಯರು ಕೂಗುತ್ತಿದ್ದರು, ಅವಳಿಗೆ ನಿಂತು ಮಾತಾಡಲು ಪುರುಸೊತ್ತಿರಲಿಲ್ಲ. ಮತ್ತಿನ ಡಾಕ್ಟರು ಬೇರೆ ಆಪರೇಷನ್ನಿಗೆ ಸ್ಕೂಟರಿನಲ್ಲಿ ಹೋಗಿದ್ದರು, ಸಂಜೆ ಬಂದು ನೋಡುತ್ತೇನೆಂದು ಹೇಳಿದ್ದರಂತೆ.

ಹೊಳೆಮ್ಮನಿಗೆ ಗಡಿಯಾರ ಓದಲು ಬರುತ್ತಿರಲಿಲ್ಲ. ಬಿಸಿಲು ಓದಲು ಬರುತ್ತಿತ್ತು. ಬಿಸಿಲು ಮಂಚ ಬಿಟ್ಟು ನೆಲಕ್ಕಿಳಿಯಿತು. ನೆಲ ಬಿಟ್ಟು ಕಿಟಕಿಗೆ ಹೋಯಿತು. ಮೂರು ತಾಸು ಮುಗಿದವು ಎಂದು ಅವಳ ಲೆಕ್ಕ ಹೇಳಿತು. ಕಾಲು ಮುಟ್ಟಿದಳು. ತಣ್ಣಗಿತ್ತು. ಅಂಗಾಲು ಅಂತೂ ಕಾಲುವೆಯ ಕಲ್ಲು ಮುಟ್ಟಿದ ಹಾಗಿತ್ತು.

"ಹುಸೇನಿ, ಕಾಲು ತಣ್ಣಗಾಗ್ಯಾವಲೇ."

ಹುಸೇನಮ್ಮ ಮುಟ್ಟಿ ನೋಡಿ ಸುಮ್ಮನಾದಳು. ಅವಳು ಸುಮ್ಮನಾಗುವ ಹೆಂಗಸಲ್ಲ. ಅದೇ ಹೊಳೆಮ್ಮನನ್ನು ಅರ್ಧ ಕೊಂದಿತು. ಅಯ್ಯೋ ದೇವರೇ, ಒಂದು ಗಂಗಾಳ ಅನ್ನ! ತುರುಕಿದ್ದು ನಾನು, ಹೆಬ್ಬಟ್ಟು ಒತ್ತಿದ್ದು ನಾನು, ಹಿಡಿದು ಬಗ್ಗಿಸಿದ್ದೂ ನಾನೇ. ಗೋಡೆ ಹಿಡಿದು ಹಿತ್ತಲಿಗೆ ಹೋಗುವ ಭರಮಮ್ಮನ ಮುಖಕ್ಕೆ ಯಮನಮ್ಮನ ಮುಖ ಕೂಡಿಕೊಂಡಿತು. ಇಪ್ಪತ್ತು ವರ್ಷದ ಹುಡುಗಿ. ಕಂಕುಳಲ್ಲಿ ಒಂದು ಹೆಣ್ಣು ಕೂಸು. ಗುಡ್ಡಪ್ಪ ಒಳ್ಳೆಯವನೇ, ಆದರೆ ಎಷ್ಟು ದಿನ ಒಳ್ಳೆಯವನಾಗಿರುತ್ತಾನೆ?

"ನೋವಾಗಲವ್ವ," ಎಂದು ಅವಳು ಕಾಲಿಗೆ ಹಣೆ ಹಚ್ಚಿ ಬೇಡಿಕೊಂಡಳು. "ಹುಲಿಗೆಮ್ಮ, ನನ್ನ ಮಗಳಿಗೆ ನೋವು ಕೊಡವ್ವ. ಚೀರಲಿ ಆಕಿ. ಒಂದೇ ಸಲ ಚೀರಲಿ ಸಾಕು."

ಆಗ ಅವಳಿಗೆ ಹೊಳೆಯಿತು. ಬಾಣಂತಿಗೆ ಕಾಸಲೇ ಇಲ್ಲವಲ್ಲ!

ಆ ಸೀಮೆಯಲ್ಲಿ ಹೆತ್ತವಳನ್ನು ಹಗ್ಗದ ಹೊರಸಿಗೆ ಹಾಕಿ ಕೆಳಗೆ ಕೆಂಡ ಇಡುತ್ತಾರೆ. ಸೊಂಟಕ್ಕೆ, ಕೈಕಾಲಿಗೆ ಕಾಸುತ್ತಾರೆ. ಒಲೆಯ ಇಟ್ಟಂಗಿ ತೆಗೆದು, ಹಳೆ ಸೀರೆಯಲ್ಲಿ ಸುತ್ತಿ, ಅಂಗಾಲಿಗೆ ಒತ್ತಿ ಹಿಡಿಯುತ್ತಾರೆ. ಎಷ್ಟು ಹೊತ್ತು? ಅದಕ್ಕೆ ಗಡಿಯಾರ ಬೇಡ. ಬಾಣಂತಿ "ಸುಡ್ತೈತಿ, ತೆಗಿ" ಅನ್ನುವ ತನಕ. ಅವಳು ಅಂದ ಕೂಡಲೇ ತೆಗೆಯಬೇಕು, ಅನ್ನುವ ಮುಂಚೆ ತೆಗೆದರೆ ಕಾಸಿದಂತಲ್ಲ. ಹೊಳೆಮ್ಮನ ತಾಯಿ ಹೊಳೆಮ್ಮನಿಗೆ ಹಾಗೇ ಕಾಸಿದ್ದಳು, ಅವಳ ತಾಯಿ ಅವಳಿಗೆ. ಯಾರ ಕಾಲೂ ಬೆಂದಿರಲಿಲ್ಲ.

ನರ್ಸಿಂಗ್ ಹೋಮಿನ ಹಿಂದಿನ ಅಂಗಳದಲ್ಲಿ ರೋಗಿಗಳ ಮನೆಯವರು ಇಟ್ಟಂಗಿಯ ಒಲೆ ಹೂಡಿ ಗಂಜಿ ಕಾಯಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಗಂಜಿ ಮುಗಿದು ಕೆಂಡ ಇನ್ನೂ ಕೆಂಪಗಿತ್ತು. ಹೊಳೆಮ್ಮ ಕೆಂಡದ ಮಗ್ಗುಲಲ್ಲಿದ್ದ ಒಂದು ಇಟ್ಟಂಗಿಯನ್ನು ಕಟ್ಟಿಗೆಯಿಂದ ಹೊರಳಿಸಿ, ಸೀರೆಯ ಚೂರಿನಲ್ಲಿ ಎರಡು ಸುತ್ತು ಸುತ್ತಿ, ಸೆರಗಿನ ಮರೆಯಲ್ಲಿ ಮೇಲಕ್ಕೆ ತಂದಳು. ತನ್ನ ಅಂಗೈಗೆ ಹಿಡಿದು ನೋಡಿದಳು. ಹದವಾಗಿದೆ ಅನಿಸಿತು. ಮೂವತ್ತು ವರ್ಷ ಕುಡುಗೋಲು ಹಿಡಿದ ಅಂಗೈ ಅದು. ಅದಕ್ಕೆ ಬಿಸಿ ಯಾವುದು, ಬೆಂಕಿ ಯಾವುದು?

ಬಲಗಾಲಿನ ಅಂಗಾಲಿಗೆ ಒತ್ತಿದಳು.

"ಕಾಯ್ತೈತೇನ ಯಮನಿ?"

"ಇಲ್ಲವ್ವ. ಏನೂ ಗೊತ್ತಾಗವಲ್ದು." ಯಮನಮ್ಮ ಅಳುತ್ತಿದ್ದಳು. "ಯವ್ವಾ, ನನ್ನ ಕಾಲು ಹೋದ್ವೇನಬೇ?"

"ಥೂ, ಬಿಡ್ತು ಅನ್ನು!" ಎಂದು ಗದರಿ ಹೊಳೆಮ್ಮ ಇನ್ನೂ ಒತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. ಇಲ್ಲ. ಮತ್ತೆ ಕೇಳಿದಳು. ಇಲ್ಲ.

"ಹುಸೇನಿ, ಇದು ಆರಿ ಹೋಗೈತಿ. ಇನ್ನೊಂದು ತೊಗೊಂಬಾ. ನಡುವ ಇರೋದು ತರಲೇ, ಕೆಂಡದ ಮ್ಯಾಲಿಂದು. ಜಲ್ದಿ!"

ಎರಡನೆಯದು ಬಂತು. ಅದಕ್ಕೆ ಒಂದೇ ಸುತ್ತು ಬಟ್ಟೆ. ಬಟ್ಟೆಯಿಂದ ಕಮಟು ವಾಸನೆ ಬಂತು, ಒಲೆಯ ಹೊಗೆ ಅಂದುಕೊಂಡರು. ಹೊಳೆಮ್ಮ ಎರಡೂ ಕೈಯಿಂದ ಹಿಡಿದು, ಹಲ್ಲು ಕಚ್ಚಿ, ತನ್ನ ಜೀವವನ್ನೇ ಆ ಕಾಲಿಗೆ ತುಂಬುವವಳ ಹಾಗೆ ಒತ್ತಿದಳು. ಸುಡ್ತೈತಿ ಅನ್ನು, ಅನ್ನಲೇ, ನಿನ್ನ ಕಾಲಿಗೆ ಬೀಳ್ತೀನಿ ಅನ್ನು. ಬಾಣಂತಿ ಅನ್ನಲಿಲ್ಲ. ಅವಳು ಅನ್ನುವ ತನಕ ತೆಗೆಯುವುದು ಹೇಗೆ? ಇಟ್ಟಂಗಿ ತಾನಾಗಿ ಆರಿದ ಮೇಲೆಯೇ ಹೊಳೆಮ್ಮನ ಕೈ ಸೋತಿತು. ಅಂಗಾಲಿನ ಕಡೆ ನೋಡದೆಯೇ ಹಾಸಿಗೆಯ ಮೇಲಿನ ಚಾದರ ಎಳೆದು ಕಾಲು ಮುಚ್ಚಿದಳು. ಇಟ್ಟಂಗಿಯನ್ನು ಮಂಚದ ಕೆಳಗೆ ತಳ್ಳಿ, ಗೋಡೆಗೆ ಒರಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆಸೆ ಬಿಟ್ಟು ಎಷ್ಟು ಹೊತ್ತಾಗಿತ್ತೋ. ಹುಸೇನಮ್ಮ ಕೂಸನ್ನು ತೊಡೆಯ ಮೇಲೆ ತಟ್ಟುತ್ತಿದ್ದಳು. ಚಾದರ ಅಲುಗಿತು.

ಹೊಳೆಮ್ಮ ನೋಡಿದಳು. ಎಡಗಾಲಿನ ಹೆಬ್ಬೆರಳಿನ ಜಾಗದಲ್ಲಿ ಚಾದರ ಒಂದಿಷ್ಟು ಎದ್ದು ಇಳಿಯಿತು. ಮತ್ತೆ ಎದ್ದಿತು.

"ಯವ್ವಾ," ಅಂದಳು ಯಮನಮ್ಮ, ನಿದ್ದೆಗಣ್ಣಲ್ಲಿ. "ಕಾಲಾಗ ಇರಿವಿ ಹರದಾಡಿದಂಗ ಆಗ್ತೈತಿ." ಆಮೇಲೆ ಮುಖ ಕಿವುಚಿದಳು. "ಯವ್ವಾ, ಬಲಗಾಲು ಸುಡ್ತೈತಿ."

"ಏನಂದಿ?"

"ಸುಡ್ತೈತಿ! ಭಾಳ ಸುಡ್ತೈತಿಬೇ!"

ಹೊಳೆಮ್ಮ ಬಾಗಿಲಿಗೆ ಓಡಿದಳು. ಪಡಸಾಲೆಯ ತುಂಬ ಕೇಳುವ ಹಾಗೆ ಕೂಗಿದಳು: "ಸಿಸ್ಟರಮ್ಮಾ! ಸುಡ್ತೈತಂತ್ರೀ! ನನ್ನ ಮಗಳಿಗೆ ಸುಡ್ತೈತಂತ! ಕಾಲು ಬಂದಾವ್ರೀ!" ಅಪರಿಚಿತ ಹೆಂಗಸರೂ ಎದ್ದು ನಕ್ಕರು. ಒಬ್ಬ ಮುದುಕ ಕೈ ಮುಗಿದ. ಹೊಳೆಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂದು ಮೂಗು ಸೋರುತ್ತಿತ್ತು. ಅಷ್ಟು ದೊಡ್ಡ ಖುಷಿ ಅವಳ ಜನ್ಮದಲ್ಲಿ ಬಂದಿರಲಿಲ್ಲ.

ಕೋಣೆಯೊಳಗೆ ಯಮನಮ್ಮ ಚೀರಿದಳು. "ಯವ್ವಾ ಇಟ್ಟಂಗಿ ತೆಗಿಬೇ! ಸಾಕು ತೆಗಿ!"

"ಇಟ್ಟಂಗಿ ಎಲ್ಲೈತಲೇ?" ಹೊಳೆಮ್ಮ ನಗುತ್ತಲೇ ಒಳಗೆ ಬಂದಳು. "ಅದನ್ನ ಯಾವಾಗ್ಲೋ ತೆಗದೀನಲ್ಲ. ಮಂಚದ ಕೆಳಗ ತಣ್ಣಗ ಬಿದ್ದೈತಿ ನೋಡು."

"ತೆಗಿಬೇ! ತೆಗಿ! ಕಾಲಿಗೆ ಬೆಂಕಿ ಹತ್ತೈತಿ!"

ಸಿಸ್ಟರು ಬಂದು ಚಾದರ ಎತ್ತಿದಳು. ಚಾದರದ ಜೊತೆ ಅಂಗಾಲಿನ ತೊಗಲೂ ಎದ್ದು ಬಂತು.

ಹೊಳೆಮ್ಮನ ನಗು ಬಾಯಲ್ಲೇ ಉಳಿಯಿತು. ಅಂಗಾಲಿನ ಉದ್ದಕ್ಕೂ ಬೊಬ್ಬೆ ಎದ್ದು ಒಡೆದಿತ್ತು. ಹಿಮ್ಮಡಿಯ ಹತ್ತಿರ ಮಾಂಸ ಕೆಂಪಗೆ ಕಾಣುತ್ತಿತ್ತು, ಇಟ್ಟಂಗಿಯ ಮೂಲೆ ಒತ್ತಿದ ಗುರುತು ಹಾಗೇ ಮೂಡಿತ್ತು. ಸಿಸ್ಟರು "ಏನ್ ಮಾಡಿದ್ರಿ ನೀವು? ಏನ್ ಮಾಡಿದ್ರಿ?" ಎಂದು ಕೂಗಿದಳು. ಉತ್ತರ ಮಂಚದ ಕೆಳಗಿತ್ತು. ಹುಸೇನಮ್ಮ ಕೂಸನ್ನು ಅವುಚಿಕೊಂಡು ಮೂಲೆಗೆ ಸರಿದಳು.

ಹೊಳೆಮ್ಮ ನೆಲಕ್ಕೆ ಕುಸಿದು ತನ್ನ ಕೈಗಳನ್ನು ನೆಲಕ್ಕೆ ಬಡಿದಳು. ಬಡಿದರೂ ಅವಕ್ಕೆ ನೋವಾಗಲಿಲ್ಲ.

ಮತ್ತಿನ ಡಾಕ್ಟರ ಸ್ಕೂಟರಿನ ಸದ್ದು ಕೇಳಿದಾಗ ಯಮನಮ್ಮ ಹತ್ತು ನಿಮಿಷದಿಂದ ಒಂದೇ ಸಮನೆ ಚೀರುತ್ತಿದ್ದಳು. ಚೀರಿದರೆ ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು, ಹೊಲಿಗೆ ಎಳೆದರೆ ಮತ್ತೆ ಚೀರುತ್ತಿದ್ದಳು. ಗಾಯ ತೊಳೆದು ಸತ್ತ ತೊಗಲು ತೆಗೆದು ಪಟ್ಟಿ ಕಟ್ಟಬೇಕು, ಮುಟ್ಟಲು ಬಿಡುತ್ತಿಲ್ಲ ಎಂದು ಸಿಸ್ಟರು ಹೇಳುತ್ತಿದ್ದಳು. ಡಾಕ್ಟರು ಮೆಟ್ಟಿಲು ಹತ್ತುವಷ್ಟರಲ್ಲಿ ಹೊಳೆಮ್ಮ ಅವರ ಕಾಲ ಬಳಿ ಬಿದ್ದಿದ್ದಳು.

"ಸಾಹೇಬ್ರ, ಆ ಸೂಜಿ ಹಾಕ್ರಿ. ಮತ್ತೊಮ್ಮೆ ಹಾಕ್ರಿ. ಬೆನ್ನಿಗೇ ಹಾಕ್ರಿ, ನಾ ಹಿಡಕೊಂತೀನಿ. ಎಷ್ಟು ಹೆಬ್ಬಟ್ಟು ಬೇಕಾದ್ರೂ ಒತ್ತೀನಿ. ನನ್ನ ಮಗಳ ನೋವು ತೆಗೀರಿ ಸಾಹೇಬ್ರ."

ಡಾಕ್ಟರು ಒಳಗೆ ಹೋಗಿ ಗಾಯ ನೋಡಿದರು. "ಸ್ಪರ್ಶ ಇಲ್ಲದ ಕಾಲಿಗೆ ಬಿಸಿ ಹಚ್ಚಬೇಡಿ ಅಂತ ನಾನೇ ಹೇಳಬೇಕಿತ್ತು," ಎಂದರು, ಯಾರಿಗೋ ಹೇಳಿದ ಹಾಗೆ. ಆಮೇಲೆ ಹೊಳೆಮ್ಮನ ಕಡೆ ತಿರುಗಿದರು. "ಬೆನ್ನಿಗೆ ಬೇಡ. ಕಾಲಿನ ಗಿಣ್ಣಿನ ಸುತ್ತ ಕೊಟ್ಟರೆ ಪಾದ ಒಂದೇ ಜೋಮು ಹಿಡಿಯುತ್ತೆ. ಅವಳು ಕಾಲು ಝಾಡಿಸದ ಹಾಗೆ ಮೊಳಕಾಲಿನ ಹತ್ತಿರ ಹಿಡ್ಕೋಬೇಕು. ಹಿಡೀತೀಯಾ?"

ಹೊಳೆಮ್ಮ ತನ್ನ ಕೈ ನೋಡಿಕೊಂಡಳು. "ನಾ ಒಲ್ಲೆ," ಎಂದಳು. "ಈ ಕೈಲೆ ಒಲ್ಲೆ."

"ಯವ್ವಾ, ಹಿಡಿಬೇ," ಎಂದು ಯಮನಮ್ಮ ಹಲ್ಲು ಕಚ್ಚಿ ಅಂದಳು. "ನೀನ ಹಿಡಿ."

ಹಿಡಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. ಗಿಣ್ಣಿನ ಹಿಂದೆ ಒಂದು, ಮುಂದೆ ಒಂದು, ಪಕ್ಕಕ್ಕೆ ಒಂದು, ಸೂಜಿ ಇಳಿದಾಗಲೆಲ್ಲ ಮಗಳ ಕಾಲು ಅವಳ ಹಿಡಿತದಲ್ಲಿ ನಡುಗಿತು. ಜೀವ ಇದ್ದ ಕಾಲು, ಒದೆಯುವ ಕಾಲು. ನಾಲ್ಕು ತಾಸಿನಿಂದ ಅವಳು ದೇವರಲ್ಲಿ ಬೇಡಿದ್ದು ಇದನ್ನೇ.

"ಗದ್ದೆಗೆ ಇಳೀತಾಳೇನ್ರಿ ಮುಂದ?" ಎಂದು ಹೊಳೆಮ್ಮ ತಲೆ ಎತ್ತದೆ ಕೇಳಿದಳು.

"ನಡೀತಾಳೆ. ಈ ಅಂಗಾಲು ಕೆಸರಿಗೆ ಇಳಿಯೋಕೆ ತುಂಬಾ ದಿನ ಬೇಕು. ಇಳಿಯುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲ." ಡಾಕ್ಟರು ಸೂಜಿ ತೆಗೆದು ಹತ್ತಿ ಒತ್ತಿದರು. "ಬೆನ್ನಿಗೆ ಏನೂ ಆಗಿಲ್ಲ."

ಕಿಟಕಿಯಾಚೆ ಬಿಸಿಲು ಇಳಿಯತೊಡಗಿತ್ತು. ಯಮನಮ್ಮನ ಚೀರಾಟ ನರಳಾಟವಾಯಿತು, ನರಳಾಟ ಬಿಕ್ಕಳಿಕೆಯಾಯಿತು. ಸಿಸ್ಟರು ಗಾಯದ ಅಂಚಿನ ತೊಗಲನ್ನು ಕತ್ತರಿಸತೊಡಗಿದಾಗ ಅವಳು ಅಲ್ಲಾಡಲೇ ಇಲ್ಲ. ಬೆವರಿನ ಮುಖ ತಾಯಿಯ ಕಡೆ ತಿರುಗಿಸಿ, ಕಣ್ಣು ಮುಚ್ಚುತ್ತ ಅಂದಳು:

"ಏನೂ ಗೊತ್ತಾಗವಲ್ದವ್ವ."

ಹೊಳೆಮ್ಮ ಹೂಂ ಅಂದಳು. ಮಗಳ ಮೊಳಕಾಲಿನಿಂದ ಕೈ ತೆಗೆದು, ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕುಳಿತಳು. ಹುಸೇನಮ್ಮ ಕೂಸನ್ನು ತಂದು ಎತ್ತಿಕೊ ಅಂದಳು. ಹೊಳೆಮ್ಮ ತಲೆ ಅಲ್ಲಾಡಿಸಿದಳು, ಕೈ ಹೊರಗೆ ತೆಗೆಯಲಿಲ್ಲ.